ಸವಾಲು ಕೂಗುತ್ತಿದ್ದ ಕಾಕಾ

ಕಾಕಾರ ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಕ್ಲಬ್ಬಿನವರೆಲ್ಲ ನಕ್ಕುಬಿಟ್ಟರು. ಇದನ್ನು ಹೊರಗಿನವರ ಮುಂದೆ ಹೇಳಬಾರದೇನೋ, ಆದರೆ ನಡೆದದ್ದು ಹಾಗೆಯೇ. ದಾಂಡೇಲಿಯ ನಮ್ಮ ಸೇವಾ ಕ್ಲಬ್ಬಿನ ಹಾಲಿನಲ್ಲಿ ಎರಡು ನಿಮಿಷ ಮೌನವಾಗಿ ನಿಂತಿದ್ದೆವು. ಅಧ್ಯಕ್ಷರ ಕಿವಿಯ ಹತ್ತಿರ ಒಂದು ಸೊಳ್ಳೆ ಗುಂಯ್‌ಗುಟ್ಟಿತು. ಅವರು ಹೊಡೆಯಲು ಕೈ ಎತ್ತಿದವರು ಅರ್ಧಕ್ಕೇ ಗಕ್ಕನೆ ನಿಲ್ಲಿಸಿ, ಹೆದರಿದವರ ಹಾಗೆ ಕೆಳಗಿಳಿಸಿದರು. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ "ಒಂದ್ ಸಾರಿ..." ಅಂದರು. ಅಷ್ಟೇ. ಒಬ್ಬರು ತುಟಿ ಕಚ್ಚಿದರು, ಇನ್ನೊಬ್ಬರು ಕೆಮ್ಮಿದರು, ಆಮೇಲೆ ಯಾರ ಕೈಯಲ್ಲೂ ತಡೆಯಲಾಗಲಿಲ್ಲ. ಮುಂದಿನ ಕುರ್ಚಿಯಲ್ಲಿದ್ದ ಕಾಕಾರ ಹೆಂಡತಿಯೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಕಾರಣ ಹೇಳುತ್ತೇನೆ. ಹರಾಜಿಗೆ ನಮ್ಮ ಕಡೆ ಸವಾಲು ಅನ್ನುತ್ತಾರೆ. ಶ್ರಾವಣ ಮುಗಿದ ಮೇಲೆ ಊರ ಬಸವಣ್ಣನ ಗುಡಿಯ ಮುಂದೆ ದೇವರಿಗೆ ಏರಿಸಿದ ತೆಂಗಿನಕಾಯಿ, ಬಾಳೆಗೊನೆಗಳನ್ನು ಸವಾಲಿಗೆ ಇಡುತ್ತಾರೆ. ಹೆಚ್ಚು ಕೂಗಿದವನಿಗೆ ಕಾಯಿ, ಗುಡಿಗೆ ರೊಕ್ಕ. ಕಾಕಾ ಹತ್ತಿರದ ಸಾಂಬ್ರಾಣಿ ಎಂಬ ಹಳ್ಳಿಯ ರೈತರ ಮನೆಯವರು. ಹದಿನೆಂಟರ ವಯಸ್ಸಿನಿಂದ ಅಲ್ಲಿ ಸವಾಲು ಕೂಗಿ ನಡೆಸಿದವರು. ಆಮೇಲೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೆಷಿನ್ ಹೌಸಿನ ಕೆಲಸ. ಆ ಗದ್ದಲದಲ್ಲಿ ಮೂವತ್ತು ವರ್ಷ ಮಾತಾಡಿದವರಿಗೆ ಮೆಲ್ಲಗೆ ಮಾತಾಡುವುದು ಹೇಗೆ ಎಂಬುದೇ ಮರೆತುಹೋಗಿತ್ತು. ನಿವೃತ್ತಿಯಾದ ಮೇಲೆ ಕ್ಲಬ್ಬಿಗೆ ಸೇರಿದರು, ತಮ್ಮ ಜೊತೆ ಈ ಸವಾಲನ್ನೂ ತಂದರು. ಅಲ್ಲಿಯವರೆಗೆ ನಾವು ನಿಧಿ ಕೂಡಿಸುತ್ತಿದ್ದುದು ಲಾಟರಿ ಚೀಟಿ ಮಾರಿ. ಕೊಳ್ಳುವವರೂ ನಾವೇ, ಬಹುಮಾನದ ಗೋಡೆ ಗಡಿಯಾರ ಗೆಲ್ಲುವವರೂ ನಾವೇ. ನನ್ನ ಮನೆಯಲ್ಲಿ ಅಂಥ ಮೂರು ಗಡಿಯಾರ ಇವೆ, ಮೂರೂ ಬೇರೆ ಬೇರೆ ಸಮಯ ತೋರಿಸುತ್ತವೆ.

ಕಾಕಾರ ಸವಾಲಿನಲ್ಲಿ ಒಂದೇ ಕಾನೂನು: ಯಾವ ಕಾರಣಕ್ಕೇ ಆಗಲಿ, ಕೈ ಎತ್ತಿದರೆ ಅದು ಕೂಗಿದ ಹಾಗೆ. ತಲೆ ಕೆರೆದುಕೊಂಡವರು, ಬಡಿಸುವವರನ್ನು ಕರೆದವರು, ದೂರದಲ್ಲಿ ಕಂಡ ಬೀಗರಿಗೆ ನಮಸ್ಕಾರ ಮಾಡಿದವರು, ಎಲ್ಲರೂ ಸಿಕ್ಕಿಬೀಳುತ್ತಿದ್ದರು. ಸೊಳ್ಳೆ ಹೊಡೆದ ತಪ್ಪಿಗೆ ನಮ್ಮ ಹಲ್ಲಿನ ಡಾಕ್ಟರು ಜೋಯಿಡಾದ ಹಲಸಿನ ಹಣ್ಣೊಂದನ್ನು ಎಂಟುನೂರಕ್ಕೆ ತೆಗೆದುಕೊಳ್ಳಬೇಕಾಯಿತು. "ಸಾಹೇಬ್ರ, ಒಂದು ಹಲ್ಲು ಕಿತ್ತಿದ್ದಕ್ಕ ಸಮಾ ಆತು, ಯಾಕ ಮಾರಿ ಸಣ್ಣ ಮಾಡ್ತೀರಿ?" ಎಂದು ಕಾಕಾ ಗದರಿಸಿದರು. ಅಂಬಿಕಾನಗರದ ವಿದ್ಯುದಾಗಾರದಿಂದ ಬರುತ್ತಿದ್ದ ಎಂಜಿನಿಯರರು ಕೈಕಟ್ಟಿ ಕೂತರೆ ಅವರಿಗೂ ಬಿಡುಗಡೆ ಇಲ್ಲ. "ಇಡೀ ನಾಡಿಗೆ ಕರೆಂಟ್ ಕೊಡಾವ್ರು ನೀವು. ಒಂದು ಕೈ ಮ್ಯಾಲ ಎತ್ತಾಕ ಶಕ್ತಿ ಇಲ್ಲೇನ್ರಿ?" ಒಂದು ವರ್ಷ ಹಾಲಿನ ಆ ತುದಿಯಲ್ಲಿ ಗಂಡ, ಈ ತುದಿಯಲ್ಲಿ ಹೆಂಡತಿ, ಒಂದೇ ಜೇನಿನ ಬಾಟಲಿಗೆ ಒಬ್ಬರ ಮೇಲೊಬ್ಬರು ಕೂಗುತ್ತಲೇ ಹೋದರು. ಎದುರು ಕೂಗುತ್ತಿರುವುದು ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಕಾಕಾರಿಗೆ ಗೊತ್ತಿತ್ತು. ಎರಡು ಸಾವಿರ ದಾಟಿದ ಮೇಲೆ "ಇನ್ನ ಮನ್ಯಾಗ ಜಗಳಾಡಿಕೊಳ್ರಿ" ಎಂದು ಹೇಳಿ, ಒಂದ್ ಸಾರಿ ಎರಡ್ ಸಾರಿ ಮೂರ್ ಸಾರಿ ಕೂಗಿ ಸವಾಲು ಮುಗಿಸಿದರು.

ನಾನು ವಿಮಾ ಏಜೆಂಟ. ಕ್ಲಬ್ಬಿಗೆ ಸೇರಿದ್ದು ಸೇವೆ ಮಾಡಲು ಅಂತ ಅರ್ಜಿಯಲ್ಲಿ ಬರೆದಿದ್ದೆ. ಮೊದಲ ದಿನವೇ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಲಿಸಿ ಮಾರಾಕ ಬಂದೀಯಲ್ಲ ತಮ್ಮಾ?" ಎಂದರು. ನಾನು ತೊದಲಿದೆ. "ನಾಚಿಗಿ ಯಾಕ? ನಾ ಮಿರ್ಚಿ ಭಜಿ ತಿನ್ನಾಕ ಬಂದಾಂವ. ಬಾ, ಕೂಡು" ಎಂದು ಪಕ್ಕದ ಕುರ್ಚಿ ಎಳೆದರು. ಅವತ್ತಿನಿಂದ ನನ್ನ ಕುರ್ಚಿ ಅದೇ. ಪಾಲಿಸಿಗಳು ಎರಡೋ ಮೂರೋ ಆದವು. ಅವುಗಳಲ್ಲಿ ಒಂದು ಕಾಕಾರ ಮೊಮ್ಮಗಳ ಹೆಸರಿನದೇ.

ಅವರು ದೊಡ್ಡ ಗುಣವಂತರು, ಸಂತರು ಎಂದೇನೂ ನಾನು ಹೇಳುವುದಿಲ್ಲ. ತಿನ್ನುವುದರಲ್ಲಿ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಸಭೆಯ ವರದಿ ಓದುವಾಗ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಅತಿಥಿಗಳ ಭಾಷಣ ಉದ್ದವಾದರೆ ಅವರದೊಂದು ಉಪಾಯ ಇತ್ತು. ಭಾಷಣಕಾರರು ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರೆ ಸಾಕು, ಕಾಕಾ ಜೋರಾಗಿ ಚಪ್ಪಾಳೆ ಶುರುಮಾಡುತ್ತಿದ್ದರು. ಮುಗಿಯಿತೆಂದು ತಿಳಿದು ಇಡೀ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಪಾಪ, ಅತಿಥಿಗಳು ಕೈಯಲ್ಲಿ ಇನ್ನೂ ನಾಲ್ಕು ಹಾಳೆ ಹಿಡಿದುಕೊಂಡು ಧನ್ಯವಾದ ಹೇಳಿ ಕೂತುಬಿಡುತ್ತಿದ್ದರು. ಕಾರವಾರದಿಂದ ಬಂದಿದ್ದ ಒಬ್ಬ ಅಧಿಕಾರಿಯಂತೂ ಇಷ್ಟು ಪ್ರೀತಿಯ ಸಭಿಕರನ್ನು ತಾವು ಎಲ್ಲೂ ಕಂಡಿಲ್ಲವೆಂದು ಹೇಳಿ ಹೋದರು.

ಕಂಬಳಿಯೋ ಪುಸ್ತಕವೋ ಕೊಡುವ ಕಾರ್ಯಕ್ರಮಗಳಲ್ಲಿ ಕಾಕಾ ಫೋಟೋದಲ್ಲಿ ಸಿಗುತ್ತಿರಲಿಲ್ಲ. ನಾವೆಲ್ಲ ಒಂದು ಕಂಬಳಿಗೆ ಎಂಟು ಜನ ಕೈಹಚ್ಚಿ ನಿಂತಿರುವಾಗ, ಅವರು ತೆಗೆದುಕೊಳ್ಳಲು ಬಂದವರ ನಡುವೆ ಕೂತು ಯಾರ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ವಿಚಾರಿಸುತ್ತಿದ್ದರು. ಬಂದವರು ಯಾರೂ ಅವರನ್ನು ಕ್ಲಬ್ಬಿನವರೆಂದು ತಿಳಿಯುತ್ತಿರಲಿಲ್ಲ. ಒಮ್ಮೆ ನಮ್ಮ ಖಜಾಂಚಿಯೇ ಗಡಿಬಿಡಿಯಲ್ಲಿ ಅವರ ಕೈಗೂ ಒಂದು ಕಂಬಳಿ ಇಟ್ಟುಹೋಗಿದ್ದ.

ನಾನು ಕಾರ್ಯದರ್ಶಿಯಾಗಿದ್ದ ವರ್ಷದ ಸವಾಲಿನ ಮಾತು ಈಗ ಹೇಳಬೇಕು. ಕಾಕಾರೆಂದರೆ ನನಗೆ ಮೊದಲು ನೆನಪಾಗುವುದು ಅದೇ.

ಆ ವರ್ಷ ಕಿವಿ ಕೇಳದವರಿಗೆ ಶ್ರವಣ ಯಂತ್ರ ಕೊಡುವ ಕೆಲಸ ಹಿಡಿದಿದ್ದೆವು. ಮೊದಲ ಕಂತಿನ ಯಂತ್ರಗಳನ್ನು ವಾರ್ಷಿಕ ಊಟದ ದಿನ ಮಧ್ಯಾಹ್ನವೇ ಕೊಟ್ಟೆವು. ಎರಡನೆಯ ಕಂತಿಗೆ ಬೇಕಾದ ಹಣ ಸಂಜೆಯ ಸವಾಲಿನಿಂದ ಬರಬೇಕು. ಯಂತ್ರ ಪಡೆದವರಲ್ಲಿ ಹಳಿಯಾಳ ತಾಲೂಕಿನ ಹಳ್ಳಿಗಳ ಏಳೆಂಟು ಮಂದಿ ಜೀಪು ಬರುವವರೆಗೆ ಹಾಲಿನ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರ ಪಟ್ಟಿ ಮಾಡಿದವನು ನಾನೇ. 'ಫಲಾನುಭವಿಗಳು' ಎಂದು ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ.

ಸವಾಲಿನ ಕೊನೆಯ ವಸ್ತು ಪ್ರತಿವರ್ಷ ಕಾಕಾರ ಹಿತ್ತಲಿನ ಕುಂಬಳಕಾಯಿ. ನಮ್ಮ ನಿಧಿಯ ಅರ್ಧ ಭಾಗ ಬರುತ್ತಿದ್ದುದು ಅದರಿಂದಲೇ. ಹೇಗೆಂದರೆ, ಗೆದ್ದವರು ಹಣ ಕೊಟ್ಟು "ಮರಳಿ ಸವಾಲಿಗೆ ಬಿಟ್ಟೇನಿ" ಅನ್ನಬೇಕು. ಅದೇ ಕಾಯಿ ಮತ್ತೆ ಸವಾಲಿಗೆ ಬರುತ್ತದೆ, ಮತ್ತೊಬ್ಬರು ಗೆಲ್ಲುತ್ತಾರೆ, ಅವರೂ ಬಿಡುತ್ತಾರೆ. ಹೀಗೆ ಒಂದೇ ಕಾಯಿ ಏಳೆಂಟು ಸಾರಿ ಮಾರಾಟವಾಗಿ ಕೊನೆಗೆ ಅಡುಗೆಯವನ ಪಾಲಾಗುತ್ತಿತ್ತು. ಕುಂಬಳಕಾಯಿ ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಚಪ್ಪಾಳೆ.

ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದರು, ಗಂಟಲಿಗೆಂದು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ಐವತ್ತೊಂದರಿಂದ ಸವಾಲ್!" ಯಾರೋ ನೂರು ಅಂದರು. ಹಲ್ಲಿನ ಡಾಕ್ಟರು ಇನ್ನೂರು ಅಂದರು. ಇದೆಲ್ಲ ಆಟದ ಶುರು, ಸಾವಿರ ದಾಟಿದ ಮೇಲೆಯೇ ನಿಜವಾದ ರಂಗು ಏರುವುದು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

"ಎರಡನೂರಾ ಐವತ್ತೊಂದು!"

ತಿರುಗಿ ನೋಡಿದರೆ ಯಂತ್ರ ಪಡೆದ ಒಬ್ಬ ಅಜ್ಜ. ಎದ್ದು ನಿಂತಿದ್ದಾನೆ. ತಲೆಗೆ ರುಮಾಲು, ಕಿವಿಯಲ್ಲಿ ಮಧ್ಯಾಹ್ನವಷ್ಟೇ ನಾವು ಹಾಕಿಕೊಟ್ಟ ಹೊಸ ಯಂತ್ರ. ಕಾಕಾ ಅವನನ್ನು ಒಂದು ಕ್ಷಣ ನೋಡಿದರು. ಆಮೇಲೆ ಒಂದೇ ಉಸಿರಿನಲ್ಲಿ, "ಒಂದ್ ಸಾರಿ ಎರಡ್ ಸಾರಿ ಮೂರ್ ಸಾರಿ!" ಎಂದು ಕಾಯಿಯನ್ನು ಕಂಕುಳಿಗೆ ಒತ್ತಿಕೊಂಡು ಮೇಜಿಗೆ ಗುದ್ದಿಬಿಟ್ಟರು. ಡಾಕ್ಟರು ಮುನ್ನೂರು ಅನ್ನಲು ತೆರೆದ ಬಾಯಿ ತೆರೆದೇ ಉಳಿಯಿತು.

ಹಾಲಿನಲ್ಲಿ ಗುಸುಗುಸು. ಅಧ್ಯಕ್ಷರು, ಕಟ್ಟಿಗೆ ವ್ಯಾಪಾರಿ, ಒಳ್ಳೆಯ ಮನುಷ್ಯ, ತಾವೇ ಹಿಂದಿನ ಸಾಲಿಗೆ ನಡೆದು ಹೋದರು. "ಅಜ್ಜಾರ, ಗೊತ್ತಾಗದ ಕೈ ಎತ್ತಿದ್ರಿ ಅನಸ್ತೈತಿ. ಇರ್ಲಿ ಬಿಡ್ರಿ, ನಡೀತೈತಿ" ಎಂದರು.

"ಗೊತ್ತಾಗದ ಏನ್ರೀ?" ಅಂದ ಅಜ್ಜ. "ಎಂಟು ವರ್ಷ ಆತು, ನಮ್ಮೂರ ಗುಡಿ ಮುಂದಿನ ಸವಾಲೂ ನನಗ ಕೇಳಿದ್ದಿಲ್ಲ. ಬರೇ ಮಂದಿ ಬಾಯಿ ನೋಡಿಕೋತ ಕೂಡ್ತಿದ್ದೆ. ಇವತ್ತು ಕೇಳಿಸ್ತು. ಅದಕ್ಕ ಕೂಗಿದೆ."

ಒಳಗಿಸೆಯಿಂದ ಮಡಿಸಿದ ನೋಟುಗಳನ್ನು ತೆಗೆದು ಎಣಿಸಿ ಕೊಟ್ಟ. ಯಂತ್ರಕ್ಕೆ ಏನಾದರೂ ಕೇಳಬಹುದೆಂದು ಮನೆಯಿಂದ ತಂದಿದ್ದನಂತೆ. ಅಧ್ಯಕ್ಷರು ಹಣ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು, ಆಮೇಲೆ ಪದ್ಧತಿಯ ಪ್ರಕಾರ ಕಾಯಿಯ ಕಡೆ ಕೈತೋರಿಸಿ, "ಮರಳಿ ಸವಾಲಿಗೆ ಬಿಡ್ತೀರಲ್ಲ?" ಎಂದರು.

ಅಜ್ಜ ಅವರನ್ನು ವಿಚಿತ್ರವಾಗಿ ನೋಡಿದ. "ಗೆದ್ದ ಕಾಯಿ ಬಿಡೂದು? ಹಂಗ ಎಲ್ಲೆರ ಉಂಟೇನ್ರಿ? ಸವಾಲಿನ ಕಾಯಿ ಅಂದ್ರ ಮನಿಗೆ ಒಯ್ದು ಊರಿಗೆಲ್ಲ ಹಂಚಬೇಕು." ಹಾಗೆಂದವನೇ ಮುಂದೆ ನಡೆದು ಬಂದು ಕಾಕಾರ ಕೈಯಿಂದ ಕಾಯಿ ಇಸಿದುಕೊಂಡು, ಹೆಗಲ ಮೇಲೆ ಇಟ್ಟುಕೊಂಡು, ತನ್ನ ಜಾಗಕ್ಕೆ ಹೋಗಿ ಕೂತ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಇಷ್ಟು ವರ್ಷದಲ್ಲಿ ಬಾಗಿಲು ದಾಟಿದ ಮೊದಲ ಕುಂಬಳಕಾಯಿ ಅದು. ಕಾಕಾ ಸೊಂಟದ ಟವೆಲ್ ಬಿಚ್ಚಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗದೆ ಇದ್ದವರು ಇಬ್ಬರೇ, ಖಜಾಂಚಿ ಮತ್ತು ನಾನು.

ಜೀಪು ಬಂದಾಗ ಎಲ್ಲರನ್ನೂ ಹತ್ತಿಸುವ ಕೆಲಸ ನನ್ನದು. ಕುಂಬಳಕಾಯಿ ತೊಡೆಯ ಮೇಲಿಟ್ಟುಕೊಂಡು ಕೂತ ಅಜ್ಜನನ್ನು ನೋಡಿ ನನಗೆ ಪಾಪ ಅನ್ನಿಸಿತು. ಕೋಪ ಇದ್ದದ್ದು ಕಾಕಾರ ಮೇಲೆ, ಈ ಮುದುಕನ ಮೇಲಲ್ಲ. ಬಡವ, ಮಬ್ಬಿನಲ್ಲಿ ಏನೋ ಮಾಡಿದ, ಇವನ ದುಡ್ಡು ತೆಗೆದುಕೊಂಡು ನಾವೇನು ಉದ್ಧಾರವಾಗಬೇಕು ಅನ್ನಿಸಿತು. ಆ ನೋಟುಗಳನ್ನು ಹಾಗೇ ಮಡಿಸಿ ಅವನ ಕೈಚೀಲದೊಳಗೆ ಗೊತ್ತಾಗದಂತೆ ತುರುಕಿದೆ. ನನ್ನ ಕಿಸೆಯಿಂದ ಅಷ್ಟೇ ಹಣ ಕ್ಲಬ್ಬಿಗೆ ಹಾಕಿದೆ. ಬಹಳ ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಕಾಕಾರ ಮನೆಗೆ ಹೋಗಿ ಜಗಳ ತೆಗೆದೆ. ಅವರು ಕಟ್ಟೆಯ ಮೇಲೆ ಕೂತು ಚಹಾಕ್ಕೆ ಖಾರಿ ಬಿಸ್ಕೀಟು ಅದ್ದಿ ತಿನ್ನುತ್ತಿದ್ದರು.

"ಕಾಕಾ, ನೀವು ಬೇಕಂತಲೇ ಗಡಬಡಿಸಿದ್ರಿ. ಒಂದು ನಿಮಿಷ ತಡದಿದ್ದರ ಡಾಕ್ಟರು ಮ್ಯಾಲ ಕೂಗತಿದ್ರು. ಎರಡನೇ ಕಂತಿನ ಮಷಿನ್ನಿಗೆ ಈಗ ರೊಕ್ಕ ಎಲ್ಲಿಂದ ತರೂಣು?"

"ತರೂಣು. ಮತ್ತೊಂದು ಊಟ ಇಡೂಣು, ಉಪವಾಸ ಏನ್ ಬೀಳೂದಿಲ್ಲ."

"ಚ್ಯಾಷ್ಟಿ ಬ್ಯಾಡ್ರಿ."

ಕಾಕಾ ಚಹಾದ ಬಸಿ ಕೆಳಗಿಟ್ಟರು. "ತಮ್ಮಾ, ಐವತ್ತು ವರ್ಷ ಸವಾಲ್ ಕೂಗೇನಿ. ಕೈ ಎತ್ತೋವಾಗ ಮನಷ್ಯಾ ಎಲ್ಲಿ ನೋಡ್ತಾನ ಅನ್ನೂದನ್ನ ನೋಡಬೇಕು. ನಮ್ಮ ಹಾಲಿನ್ಯಾಗ ಎಲ್ಲಾರೂ ಅಕ್ಕಪಕ್ಕ ನೋಡಿ ಕೈ ಎತ್ತತಾರ. ನೀನೂ ಅಷ್ಟ, ನಾನೂ ಅಷ್ಟ. ಆ ಅಜ್ಜ ಕಾಯಿ ನೋಡಿ ಎತ್ತಿದ. ಖರೇನ ಬೇಕಾಗಿ ಕೂಗಿದಾಂವ ಒಬ್ಬ ಸಿಕ್ಕಾಗ ಅವನ ಮ್ಯಾಲ ಮತ್ತೊಬ್ಬನ್ನ ಏರಸೂದು ನನ್ನ ಕಡೆ ಆಗೂದಿಲ್ಲ." ಮತ್ತೆ ಬಸಿ ಎತ್ತಿಕೊಂಡರು. ಅವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲವೆಂದು ಎದ್ದು ಬಂದೆ. ಚೀಲದೊಳಗೆ ದುಡ್ಡು ಇಟ್ಟ ವಿಷಯ ಮಾತ್ರ ಹೇಳಲಿಲ್ಲ.

ಒಂದು ತಿಂಗಳಾದ ಮೇಲೆ ಯಂತ್ರಗಳು ಸರಿಯಾಗಿ ನಡೆಯುತ್ತಿವೆಯೋ ನೋಡಿ, ಹೊಸ ಸೆಲ್ ಹಾಕಿಕೊಡಲು ಹಳ್ಳಿಗಳಿಗೆ ಹೋಗಬೇಕಾಗಿತ್ತು. ನನ್ನ ಬೈಕಿನ ಹಿಂದೆ ಕಾಕಾ ಕೂತರು. ದಾರಿಯುದ್ದಕ್ಕೂ ಸಾಗವಾನಿ ಮರಗಳಿಗೆಲ್ಲ ಕೇಳಿಸುವ ಹಾಗೆ ಮಾತಾಡಿದರು. ಸಾಂಬ್ರಾಣಿ ದಾಟಿ ಒಳಗೆ ಹೋದರೆ ಅಜ್ಜನ ಊರು. ಊರೆಂದರೆ ಇಪ್ಪತ್ತು ಇಪ್ಪತ್ತೈದು ಮನೆಗಳ ಒಂದು ಓಣಿ. ನಮ್ಮನ್ನು ಕಂಡವನೇ ಅಜ್ಜ ಓಡಿಬಂದ. ಕಟ್ಟೆಯ ಮೇಲೆ ಕಂಬಳಿ ಹಾಸಿದ, ಸೊಸೆ ನೀರು ಬೆಲ್ಲ ತಂದಿಟ್ಟಳು. ಕಾಕಾ ಕೇಳಿದ ಮೊದಲ ಮಾತೇ, "ಕಾಯಿ ಹೆಂಗಿತ್ರಿ?"

"ಕಾಯಿ?" ಅಜ್ಜನ ಮುಖ ಅರಳಿತು. "ಮರುದಿನ ಮುಂಜಾನೇನ ಹೆಚ್ಚಿ ಮನಿಮನಿಗೆ ಒಂದೊಂದು ಹೋಳು ಕೊಟ್ಟೆ. ಅವತ್ತು ಇಡೀ ಓಣ್ಯಾಗ ಕುಂಬಳಕಾಯಿ ಗಾರಿಗಿ ಕರಿಯೂ ವಾಸನಿ ನೋಡ್ರಿ! ಮೂಲಿ ಮನ್ಯಾಂವ ಒಬ್ಬ ತಗೊಳ್ಳಾಕ ಒಲ್ಲೆ ಅಂದ. 'ಪ್ಯಾಟಿ ಮಂದಿ ದಾನಾ ಮಾಡಿದ್ದು ನನಗ ಬ್ಯಾಡೋ' ಅಂದ. ಹುಚ್ಚಾ, ದಾನದ್ದಲ್ಲಿದು, ನೂರು ಮಂದ್ಯಾಗ ಸವಾಲ್ ಕೂಗಿ ಎರಡನೂರಾ ಐವತ್ತೊಂದು ಎಣಿಸಿ ಕೊಟ್ಟು ತಂದೇನಿ ಅಂದೆ. ಆವಾಗ ಎರಡೂ ಕೈಲೆ ತಗೊಂಡ."

ಕಾಕಾ ತೊಡೆ ತಟ್ಟಿ ನಕ್ಕರು. ಅಜ್ಜ ನಗಲಿಲ್ಲ. ಒಳಗೆ ಹೋಗಿ ಗೋಡೆಯ ದೇವರ ಗೂಡಿನಿಂದ ಒಂದು ಬಟ್ಟೆಯ ಗಂಟು ತಂದು ನಮ್ಮ ಮುಂದೆ ಬಿಚ್ಚಿದ. ಅವೇ ನೋಟುಗಳು, ಅದೇ ಮಡಿಕೆ.

"ಹಂಚಿ ಬಂದ ಮ್ಯಾಲ ಸೊಸಿ ಚೀಲ ಝಾಡಿಸಿದಳು, ಇವು ಬಿದ್ದುವು. ಯಾರೋ ತಪ್ಪಿ ಹಾಕ್ಯಾರ. ಅವತ್ತಿಂದ ಆ ಮೂಲಿ ಮನಿ ಮುಂದ ಹಾದು ಹೋಗಾಕ ನಾಚಿಗಿ ಆಗೇತ್ರಿ. ರೊಕ್ಕ ಕೊಟ್ಟೇನಿ ಅಂತ ಸುಳ್ಳು ಹೇಳಿದಂಗ ಆತಲ್ಲ? ನಿಮ್ಮೂರಿಗೆ ಬಂದು ಕೊಡಬೇಕಂತ ಮಾಡಿದ್ದೆ, ಭತ್ತದ ಕೊಯ್ಲು ಬಂತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಕ್ಷರಶಃ ನನ್ನ ಗತಿ ಅದೇ ಆಯಿತು. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಬಾಯಿಂದ ಬಂದೇಬಿಟ್ಟಿತು. "ನಾನ ಹಾಕಿದ್ದೆ ಅಜ್ಜಾರ. ಪಾಪ ಅನಸ್ತು."

"ಪಾಪ ಯಾಕ್ರಿ?" ಅಂದ ಅಜ್ಜ.

ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದ. ಯಂತ್ರವಿದ್ದ ಕಿವಿಯನ್ನು ನನ್ನ ಕಡೆ ತಿರುಗಿಸಿ ಉತ್ತರಕ್ಕೆ ಕಾದ. ಅವನು ಬಂದ ಕೂಡಲೇ ಅವನನ್ನು ಒಂದು ಪಟ್ಟಿಯಲ್ಲಿ ಬರೆದು ಗೆರೆ ಎಳೆದಿದ್ದೆ. ಆ ಗೆರೆ ದಾಟಿ ಈಚೆಗೆ ಬಂದು ಕೊಡಲು ನಿಂತವನನ್ನು ಸದ್ದಿಲ್ಲದೆ ಆಚೆಗೆ ತಳ್ಳಿದ್ದೆ, ಅದೂ ಕರುಣೆಯ ಹೆಸರಿನಲ್ಲಿ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಇನ್ನೆಂದೂ ಆಗಿಲ್ಲ.

ಕಾಕಾ ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ನನ್ನ ಬ್ಯಾಗಿನ ಕಡೆ ಬೆರಳು ತೋರಿಸಿ, "ಪಾವತಿ ಪುಸ್ತಕ ತಂದೀಯಲ್ಲ? ತಗಿ, ಬರಿ" ಎಂದರು, ಅಷ್ಟೇ. ನಾನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದೆ. ದಾನಿಗಳ ಹೆಸರು ಎಂದಿದ್ದ ಜಾಗದಲ್ಲಿ ಅಜ್ಜನ ಹೆಸರು, ಅವನ ತಂದೆಯ ಹೆಸರು, ಊರಿನ ಹೆಸರು. ಶ್ರವಣ ಯಂತ್ರದ ನಿಧಿಗೆ ಇನ್ನೂರ ಐವತ್ತೊಂದು ರೂಪಾಯಿ. ನೋಟುಗಳನ್ನು ಎರಡೂ ಕೈಯಿಂದ ತೆಗೆದುಕೊಂಡು ಚೀಟಿ ಹರಿದು ಕೊಟ್ಟೆ.

ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಕಾಕಾ ಅದನ್ನು ಇಸಿದುಕೊಂಡರು. ಕಲ್ಲುಸಕ್ಕರೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಓಣಿಯ ನಡುಮಧ್ಯೆ ಹೋಗಿ ನಿಂತು, ಚೀಟಿಯನ್ನು ಮುಖದ ಮುಂದೆ ಹಿಡಿದು ಮೆಷಿನ್ ಹೌಸಿನ ಗಂಟಲಿನಲ್ಲಿ ಓದಿದರು. ಹೆಸರು, ತಂದೆಯ ಹೆಸರು, ಊರು, ಮೊತ್ತ, ಯಾವ ಕಾರಣಕ್ಕೆ, ಎಲ್ಲ. ಕೊಟ್ಟಿಗೆಯ ಎತ್ತುಗಳು ತಲೆ ಎತ್ತಿದವು. ಮನೆಮನೆಗಳಿಂದ ಹೆಂಗಸರು ಹೊರಗೆ ಬಂದರು. ಅಜ್ಜ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, "ಸಾಕ್ರಿ ಸಾಕು! ಮಷಿನ್ ಹಾಕ್ಯಾರ, ಈಗ ನನಗ ಛಲೋ ಕೇಳಿಸ್ತೈತಿ!" ಎಂದು ಕೂಗಿದ.

"ನಿಮಗ ಯಾರ್ ಓದಿದ್ರು ಅಜ್ಜಾರ?" ಎಂದರು ಕಾಕಾ, ಓಣಿಯ ಮೂಲೆಯ ಮನೆಯ ಕಡೆ ಕಣ್ಣು ತಿರುಗಿಸಿ. "ಆ ಮೂಲಿ ಮನ್ಯಾಂವಗ ಓದಿದೆ."